ಕೆಂಪು ಚುಕ್ಕಿ ಇಲ್ಲದ ಖಾನೆ

ಸಲ್ಮಾಬಾದಿನ ಲಾಂಡ್ರಿಯ ಮಹಡಿ, ಗುರುವಾರ ರಾತ್ರಿ.
ಕೆಳಗೆ ಇಸ್ತ್ರಿಯ ಆವಿ, ಮೇಲೆ ನಮ್ಮ ಅಂಗಾಲು ಬಿಸಿ.
ಬಾಕಿ ಸಂಬಳದ ದೂರಿಗೊಂದು ಫಾರಂ ಮಾಡಬೇಕು:
ಹೆಸರು, ಕಂಪನಿ, ಎಷ್ಟು ತಿಂಗಳು, ಎಷ್ಟು ದಿನಾರು.
ಫೋನಿನಲ್ಲೇ ತುಂಬಿ ಕಳಿಸುವಂಥದ್ದು.
ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ.

ಸೆವ್ರಿನ್ ಕ್ರಾಸ್ತಾ ಕೇಳಿದರು:
"ಬರೆದವನು ಅವನೇ ಅಂತ ಹೇಗೆ ಗೊತ್ತು?"
ಬ್ಯಾಂಕಿನಲ್ಲಿ ಹತ್ತೊಂಬತ್ತು ವರ್ಷ ಸಹಿ ನೋಡಿದವರು,
ಕನ್ನಡಕಕ್ಕೂ ಮೊದಲೇ ಅವರ ಕಣ್ಣಿಗೆ ಅನುಮಾನ ಬಂದಿತ್ತು.
ತಪ್ಪೇನಲ್ಲ. ಹೋದ ಸಲ ಬಾಗಿಲು ಹಾಗೇ ತೆರೆದಿಟ್ಟಾಗ
ಒಂದೇ ರಾತ್ರಿಗೆ ಮುನ್ನೂರು ಅರ್ಜಿ,
ಎಲ್ಲವೂ ಬೋಳುತಲೆಗೆ ಎಣ್ಣೆ ಮಾರುವವು.
ನಡುವೆ ಎಲ್ಲೋ ಒಬ್ಬ ಬಡಗಿಯ ಏಳು ತಿಂಗಳು
ಆ ಎಣ್ಣೆಯಲ್ಲಿ ಮುಳುಗಿಹೋಗಿತ್ತು.

ಒಟಿಪಿ ಇಡೋಣ ಅಂದೆ.
ಕೋಣೆಗೆ ಎಂಟು ಮಂಚ, ಫೋನು ಮೂರು,
ಅದರಲ್ಲೊಂದು ಮೇಸ್ತ್ರಿಯದು.
ದೂರು ಯಾರ ಮೇಲೋ
ಆರು ಅಂಕಿ ಹೋಗಿ ಗುಂಯ್ ಅನ್ನುವುದು ಅವನ ಜೇಬಿನಲ್ಲೇ.
ಈಮೇಲ್?
ಇದಿನಬ್ಬ ಕೆಮ್ಮು ಬರುವಷ್ಟು ನಕ್ಕ.
ಗುರುತಿನ ಚೀಟಿಯ ಸಂಖ್ಯೆ ಕಡ್ಡಾಯ ಮಾಡೋಣ, ಎಂದರು ಕ್ರಾಸ್ತಾ,
ಕೆಂಪು ಚುಕ್ಕಿ ಹಾಕಿ.
ಸಂಖ್ಯೆ ಕೊಟ್ಟ ಮರುದಿನವೇ ವಿಮಾನ ಹತ್ತಿಸಿದರೆ?
ಯಾರೂ ಮಾತಾಡಲಿಲ್ಲ. ಚಹಾ ಆರಿತು.

ಹಾಗಾದರೆ ಆ ಒಗಟು, ನಾನು ಯಂತ್ರವಲ್ಲ ಅನ್ನುವುದು.
ಇದಿನಬ್ಬನ ಮುಂದೆ ಹಿಡಿದೆ: ಒಂಬತ್ತು ಚೌಕ,
ಸಿಗ್ನಲ್ ದೀಪ ಇರುವುದನ್ನೆಲ್ಲ ಒತ್ತು.
"ಕಂಬ ಸೇರಿ ದೀಪವಾ, ಕಂಬ ಬಿಟ್ಟು ದೀಪವಾ?
ಸಿತ್ರಾ ರಸ್ತೆಯಲ್ಲಿ ನಲವತ್ತು ಕಂಬ ನೆಟ್ಟವ ನಾನು ಮಾರಾಯ್ರೆ,
ಕಂಬ ಇಲ್ಲದೆ ದೀಪ ಎಲ್ಲಿ ನಿಲ್ತದೆ?"
ಕಂಬ ಸೇರಿಸಿಯೇ ಒತ್ತಿದ.
ಮೂರು ಸಲವೂ ಅವನು ಮನುಷ್ಯನೆಂದು ಖಾತ್ರಿಯಾಗಲಿಲ್ಲ.

ಹೆಬ್ಬೆಟ್ಟು ಅನ್ನುವಷ್ಟರಲ್ಲಿ ಅವನೇ ಕೈ ಚಾಚಿದ.
ಕೈ ಕೆಸರಾದರೆ ಬಾಯಿ ಮೊಸರು,
ಶಾಲೆಯಲ್ಲಿ ಕೂಗಿಸಿದ್ದರು;
ಸಿಮೆಂಟಿನ ಬಗ್ಗೆ ಏನೂ ಹೇಳಿರಲಿಲ್ಲ.
ಬೆರಳ ತುದಿ ಎಂದರೆ ನೀರಿಗೆ ಸವೆದ ಕಲ್ಲು, ಗೆರೆಯೇ ಇಲ್ಲ.
ಏರ್‌ಪೋರ್ಟಿನಲ್ಲಿ ಇವನು ಒತ್ತಿದಾಗೆಲ್ಲ
ಅಧಿಕಾರಿ ಗಾಜು ಕೊಳೆಯಾಗಿದೆಯೆಂದು ಒರೆಸುತ್ತಿದ್ದನಂತೆ.

ಒಂದು ಗಂಟೆಗೆ ಮೆಟ್ಟಿಲಿಳಿದು ಹೊರಟೆವು.
ಲಾಂಡ್ರಿಯಲ್ಲಿ ಇನ್ನೂ ದೀಪ.
ಗೋಡೆಯುದ್ದಕ್ಕೂ ನೀಲಿ ಅಂಗಿ, ಒಂದೇ ಬಣ್ಣ, ಒಂದೇ ಅಳತೆ,
ಬೆನ್ನಿಗೆ ಒಂದೇ ಕಂಪನಿಯ ಹೆಸರು.
ಚೀಟಿ ಕಳೆದುಕೊಂಡ ಹುಡುಗನೊಬ್ಬ ತಲೆ ಕೆರೆಯುತ್ತ ನಿಂತಿದ್ದ.
ಲಾಂಡ್ರಿಯವನು ತಲೆ ಎತ್ತದೆ ಕೇಳಿದ:
"ಜೇಬಿನಲ್ಲಿ ಏನಿತ್ತು?"
"ಅರ್ಧ ಪೆನ್ಸಿಲು."
ಅಂಗಿ ಕೊಟ್ಟ. ಪೆನ್ಸಿಲೂ ಕೊಟ್ಟ.

ಮತ್ತೆ ಮೆಟ್ಟಿಲು ಹತ್ತಿದ್ದು ನಾನೊಬ್ಬನೇ.
ಕೆಂಪು ಚುಕ್ಕಿಗಳನ್ನೆಲ್ಲ ಅಳಿಸಿ
ಕೊನೆಗೊಂದು ಖಾನೆ ಬರೆದೆ, ಬೇಕಾದವರು ತುಂಬಲಿ ಎಂದು:
ನಿಮ್ಮ ಕೋಣೆಯ ಕಿಟಕಿಯಿಂದ ಏನು ಕಾಣುತ್ತದೆ?

"ಸುಳ್ಳು ಬರೆದರೆ?" ಬೆಳಿಗ್ಗೆ ಕ್ರಾಸ್ತಾ.
ಬರೆಯಲಿ, ಕೂತು ಓದೋಣ, ಅಂದೆ.
"ಎಲ್ಲವನ್ನೂ?"
ಎಲ್ಲವನ್ನೂ.

ಎಣ್ಣೆಯವನೂ ಬಂದ. ಅವನ ಕಿಟಕಿಯಿಂದ ಕಂಡದ್ದು:
ಇಂದೇ ಕರೆ ಮಾಡಿ, ಮೊದಲ ಬಾಟಲಿ ಉಚಿತ.
ಇನ್ನೊಬ್ಬ: ಪಕ್ಕದ ಕೋಣೆಯ ಎಸಿಯ ಬೆನ್ನು,
ಅದರ ಹನಿಗೆ ಇಟ್ಟ ಡಬ್ಬದಲ್ಲಿ ಎರಡು ಪಾರಿವಾಳ.
ಮತ್ತೊಬ್ಬ, ಐದು ತಿಂಗಳು, ನಾನೂರ ಹತ್ತು ದಿನಾರು:
ಕಿಟಕಿ ಇಲ್ಲ ಸಾರ್. ಇದ್ದರೆ ಮಾತ್ರ ಕೊಡುತ್ತಾರಾ?

ಕ್ರಾಸ್ತಾ ಅದನ್ನು ಹತ್ತಿರ ಹಿಡಿದು,
ದೂರ ಹಿಡಿದು,
ಹಳೆಯ ಚೆಕ್ಕಿನ ಸಹಿಯಂತೆ ನೋಡಿದರು.